ಪೆಟ್ಟಿಗೆಗಳ ನಂತರ ದಡ ಸೇರಿದವನು

ಮಾನ್ಯ ಬಂದರು ಅಧಿಕಾರಿಗಳೇ,

ನಾಲ್ಕುನೂರ ಹನ್ನೆರಡು ಮರದ ಪೆಟ್ಟಿಗೆಗಳಿಗೆ ನೀವು ದಡ ಕೊಟ್ಟಿರಿ; ಅದೇ ಹಡಗಿನಲ್ಲಿ ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಿದ್ದ ಒಬ್ಬ ಮನುಷ್ಯನಿಗೆ ಕೊಡಲಿಲ್ಲ. ನನ್ನ ದೂರು ಇಷ್ಟೇ. ತಮ್ಮ ಅಮೂಲ್ಯ ಸಮಯ ಉಳಿಯಲೆಂದು ಮೊದಲೇ ಹೇಳಿಬಿಟ್ಟಿದ್ದೇನೆ. ಬಿಡುವಿದ್ದರೆ ಮುಂದೆ ಓದಬಹುದು.

ನಾನು ಆ ಸರಕು ಹಡಗಿನ ಅಡುಗೆಯವನು. ಸತ್ತವನು ಎಂಜಿನ್ ಕೋಣೆಯಲ್ಲಿ ಯಂತ್ರಗಳಿಗೆ ಎಣ್ಣೆ ಹಾಕುವ ಕೆಲಸದವನು. ಕ್ಯಾಪ್ಟನ್ ಒಬ್ಬರನ್ನು ಬಿಟ್ಟು ನಾವೆಲ್ಲ ಅವನನ್ನು ಭಾವ ಎಂದೇ ಕರೆಯುತ್ತಿದ್ದೆವು. ನಮ್ಮಲ್ಲಿ ಯಾರ ಅಕ್ಕನನ್ನೂ ಅವನು ಮದುವೆಯಾಗಿರಲಿಲ್ಲ. ಊಟಕ್ಕೆ ಕೂತರೆ ಮಾತ್ರ ಅತ್ತೆಮನೆಗೆ ಬಂದ ಅಳಿಯನ ಹಾಗೆ ಒಂದೊಂದಕ್ಕೂ ಕೊಂಕು ತೆಗೆಯುತ್ತಿದ್ದ. ತೆಗೆದು, ಎರಡನೇ ಸಲ ಬಡಿಸಿಕೊಳ್ಳುತ್ತಿದ್ದ.

ಆ ಪೆಟ್ಟಿಗೆಗಳಲ್ಲಿ ನೀರೆತ್ತುವ ಪಂಪಿನ ಬಿಡಿಭಾಗಗಳಿವೆ ಎಂದು ಕಾಗದಗಳು ಹೇಳುತ್ತಿದ್ದವು. ಇರಬಹುದು. ಆದರೆ ಅವನ್ನು ಹಡಗಿಗೆ ಏರಿಸಿದ ಮೂರು ದಿನವೂ ಬಂದೂಕು ಹಿಡಿದವರು ಕಾವಲು ನಿಂತಿದ್ದರು, ನನ್ನ ಒಲೆಯನ್ನು ಆರಿಸಿಬಿಟ್ಟಿದ್ದರು. ಮೂರು ದಿನ ಹತ್ತೊಂಬತ್ತು ಜನ ತಣ್ಣನೆಯ ಬ್ರೆಡ್ಡು ತಿಂದೆವು. ಬೆಂಕಿಯನ್ನು ಕಂಡರೆ ಹೆದರುವ ಪಂಪನ್ನು ನನ್ನ ಇಪ್ಪತ್ತೆಂಟು ವರ್ಷದ ಚಾಕರಿಯಲ್ಲಿ ಕಂಡಿರಲಿಲ್ಲ. ಭಾವ ಕ್ಯಾಪ್ಟನ್ನರನ್ನೇ ಕೇಳುತ್ತೇನೆಂದು ಹೊರಟ. ತಡೆದವನು ನಾನು. "ನಮಗ್ಯಾಕೆ ಊರ ಉಸಾಬರಿ, ನಮ್ಮ ಕೆಲಸ ನಾವು ನೋಡ್ಕೊಳ್ಳೋಣ" ಅಂದೆ. ಆದ್ದರಿಂದ ಮಾನ್ಯರೇ, ಈ ಪತ್ರ ಬರೆಯುತ್ತಿರುವವನು ಹಾಲಿನಲ್ಲಿ ಮಿಂದುಬಂದವನೇನಲ್ಲ.

ನಿಮ್ಮ ಬಂದರಿನ ಹೊರಗೆ ಲಂಗರು ಹಾಕಿ ಜಾಗ ಖಾಲಿಯಾಗಲೆಂದು ಕಾದೆವು. ದಡ ಎಷ್ಟು ಹತ್ತಿರವಿತ್ತೆಂದರೆ ನಿಮ್ಮ ಆಸ್ಪತ್ರೆಯ ತಾರಸಿಯ ಮೇಲೆ ಒಣಗಲು ಹಾಕಿದ್ದ ಬಿಳಿ ಹೊದಿಕೆಗಳು ಬರಿಗಣ್ಣಿಗೇ ಕಾಣುತ್ತಿದ್ದವು. ಆರನೆಯ ದಿನ ಬೆಳಿಗ್ಗೆ ಭಾವ ತಿಂಡಿ ಬೇಡವೆಂದ. ಅವನು ಊಟ ಬಿಟ್ಟಿದ್ದು ಅದೇ ಮೊದಲು. ಹೊಟ್ಟೆಯ ಬಲಗಡೆ ಮುಟ್ಟಿದರೆ ಮುಖ ಕಿವುಚುತ್ತಿದ್ದ. ಹಡಗಿನಲ್ಲಿ ವೈದ್ಯರಿಲ್ಲ; ಔಷಧಿ ಪೆಟ್ಟಿಗೆಯ ಬೀಗದ ಕೈ ಇರುವವನೇ ವೈದ್ಯ, ಅದು ಅಡುಗೆಯವನಾದ ನನ್ನ ಬಳಿ ಇತ್ತು. ಕ್ಯಾಪ್ಟನ್ ರೇಡಿಯೋದಲ್ಲಿ ಒಬ್ಬ ಡಾಕ್ಟರನ್ನು ಹಿಡಿದರು. ಅಪೆಂಡಿಕ್ಸ್ ಇರಬೇಕು, ಇಂದೇ ಶಸ್ತ್ರಚಿಕಿತ್ಸೆ ಆಗಬೇಕು, ತಡ ಮಾಡಿದರೆ ಒಳಗೇ ಒಡೆಯುತ್ತದೆ ಎಂದರು ಆ ಡಾಕ್ಟರು.

ಒಂದು ದೋಣಿ ಕಳಿಸಿ ಎಂದು ಕ್ಯಾಪ್ಟನ್ ನಿಮ್ಮ ಕಚೇರಿಯನ್ನು ಕೇಳಿಕೊಂಡರು. ಈ ಹಡಗಿನ ಸರಕು ಸೂಕ್ಷ್ಮವಾದದ್ದು, ಅದು ಇಳಿಯುವ ತನಕ ಸಿಬ್ಬಂದಿ ಯಾರೂ ದಡಕ್ಕೆ ಕಾಲಿಡುವಂತಿಲ್ಲ ಎಂದು ಉತ್ತರ ಬಂತು. ನಮ್ಮದೇ ದೋಣಿ ಇಳಿಸುತ್ತೇವೆಂದರು ಕ್ಯಾಪ್ಟನ್. ಇಳಿಸಿದರೆ ಕಾವಲು ದೋಣಿ ಗುಂಡು ಹಾರಿಸಬೇಕಾದೀತು ಎಂದಿರಿ. ಕ್ಯಾಪ್ಟನ್ನರ ಪಕ್ಕದಲ್ಲೇ ನಿಂತು ಇಷ್ಟನ್ನೂ ಕಿವಿಯಾರೆ ಕೇಳಿದ್ದೇನೆ. ಪಂಪು ಯಾವಾಗಿನಿಂದ ಸೂಕ್ಷ್ಮವಾಯಿತು ಸ್ವಾಮಿ? ಪೆಟ್ಟಿಗೆಯಲ್ಲಿದ್ದದ್ದು ಪಂಪೇ ಆಗಿದ್ದರೆ ರೋಗಿಯನ್ನು ಇಳಿಸಲು ಅಡ್ಡಿಯೇನಿತ್ತು? ಪಂಪಲ್ಲವಾದರೆ, ಅದರ ಮೇಲೆ ತಿಂಗಳುಗಟ್ಟಲೆ ಮಲಗಿ ಎದ್ದ ನಮಗೆ ಪಂಪೆಂದು ಹೇಳಿದವರು ಯಾರು? ಈ ಎರಡರಲ್ಲಿ ಒಂದು ಮಾತನ್ನಾದರೂ ಬಿಟ್ಟುಕೊಟ್ಟಿದ್ದರೆ ಒಂದು ಜೀವ ಉಳಿಯುತ್ತಿತ್ತು. ನೀವು ಎರಡನ್ನೂ ಜೋಪಾನವಾಗಿ ಕಾಪಾಡಿದಿರಿ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಭಾವ ನೋವು ಕಡಿಮೆಯಾಯಿತೆಂದ. ಮುಖ ಬೆಳಗಿತು. ಒಳಗೆ ಒಡೆದಾಗ ಹಾಗಾಗುತ್ತದಂತೆ. ನನಗೇನು ಗೊತ್ತು, ನಾನು ಗಂಜಿ ಕಾಯಿಸಲು ಓಡಿದೆ. ಬಟ್ಟಲು ಹಿಡಿದು ಬಂದಾಗ ಮೈ ಕೆಂಡದಂತೆ ಸುಡುತ್ತಿತ್ತು. ನನ್ನ ಕೈ ಹಿಡಿದು, "ಮಗಳಿಗೆ ಹೇಳ್ಬೇಡ, ಪರೀಕ್ಷೆ ಇದೆ" ಅಂದ. ಮೂರೂ ಹತ್ತಕ್ಕೆ ಹೋದ. ಹಾಡಹಗಲು, ದಡ ನಿಚ್ಚಳವಾಗಿ ಕಾಣುತ್ತಿತ್ತು.

ಹಡಗಿನಲ್ಲಿ ಸತ್ತವರನ್ನು ಎಲ್ಲಿಡುತ್ತಾರೆಂದು ಕೇಳುವ ಪ್ರಸಂಗ ತಮಗೆ ಬಂದಿರಲಾರದು. ಅಡುಗೆ ಸಾಮಾನಿನ ಶೀತಲ ಕೋಣೆಯಲ್ಲಿ. ನಾನೇ ಕೋಸಿನ ಬುಟ್ಟಿಗಳನ್ನು ಸರಿಸಿ ಜಾಗ ಮಾಡಿದೆ. ಉಳಿದವರಿಗೆ ಅಡುಗೆಯಾಗಬೇಕಲ್ಲ, ತರಕಾರಿ ತರಲು ದಿನಕ್ಕೆರಡು ಸಲ ಒಳಗೆ ಹೋದೆ. ಯಾರೂ ಸರಿಯಾಗಿ ಉಣ್ಣಲಿಲ್ಲ, ಕೊಂಕನ್ನೂ ತೆಗೆಯಲಿಲ್ಲ.

ಎರಡು ದಿನ ಕಳೆದ ಮೇಲೆ, ನಮಗಿಂತ ಮೊದಲು ಬಂದು ಕಾಯುತ್ತಿದ್ದ ಎರಡು ಧಾನ್ಯದ ಹಡಗುಗಳನ್ನು ಬದಿಗೆ ಸರಿಸಿ ನಮಗೆ ಜಾಗ ಕೊಟ್ಟಿರಿ. ತಮ್ಮ ಕಚೇರಿಗೆ ಅವಸರ ಬರುವುದೇ ಇಲ್ಲವೆಂದು ಹೇಳಿದರೆ ನನ್ನ ನಾಲಗೆಗೆ ಹುಳ ಬೀಳಲಿ! ಹೊದಿಕೆ ಹಾಕಿದ ಲಾರಿಗಳು ಸಾಲಾಗಿ ಬಂದವು. ಇಳಿಸುವಾಗ ಒಂದು ಪೆಟ್ಟಿಗೆಯ ಹಲಗೆ ಕಿತ್ತುಬಂತು. ಒಳಗೆ ಫಿರಂಗಿಯ ಗುಂಡುಗಳು, ಹೊಸದಾಗಿ ಬಣ್ಣ ಬಳಿದವು, ಒಟ್ಟಾಗಿ ಮಲಗಿದ್ದವು. ಅವು ಯಾವ ಊರಿನ ಯಾವ ಮನೆಯ ಮೇಲೆ ಬಿದ್ದವೋ ನಾನರಿಯೆ. ಪೆಟ್ಟಿಗೆ ತೆರೆಯುವ ಮೊದಲೇ ಒಬ್ಬನನ್ನು ಕೊಂದಿದ್ದವು ಎಂಬುದನ್ನು ಮಾತ್ರ ಬಲ್ಲೆ. ಕೊನೆಯ ಪೆಟ್ಟಿಗೆ ಲಾರಿ ಏರಿದ ಮೇಲೆ ಭಾವನನ್ನು ಇಳಿಸಲು ಅಪ್ಪಣೆಯಾಯಿತು.

ಮರುವಾರ ಅವನ ಹೆಂಡತಿಯ ಜೊತೆ ತಮ್ಮ ಕಚೇರಿಗೆ ಬಂದೆ; ಅವನು ಭಾವನಾದ್ದರಿಂದ ಆಕೆ ನಮಗೆಲ್ಲ ಅಕ್ಕ. ಮೂರನೆಯ ಕಿಟಕಿಯ ಗುಮಾಸ್ತರು ಕೆಟ್ಟವರಲ್ಲ; ಆಕೆಗೆ ಕೂರಲು ತಮ್ಮ ಕುರ್ಚಿಯನ್ನೇ ಕೊಟ್ಟರು. ಮರಣ ಪ್ರಮಾಣಪತ್ರದಲ್ಲಿ ಸತ್ತ ಸ್ಥಳ 'ನಡುಸಮುದ್ರ' ಎಂದಿತ್ತು. ಅಕ್ಕ ಅದನ್ನು ಎರಡು ಸಲ ಓದಿದರು. ಹಾಗೆ ಬರೆದರೆ ಎಲ್ಲರಿಗೂ ಸುಲಭ, ಪ್ರಶ್ನೆಗಳು ಏಳುವುದಿಲ್ಲ ಎಂದು ಗುಮಾಸ್ತರು ಮೆಲ್ಲಗೆ ತಿಳಿಹೇಳಿದರು.

"ಅವರು ಸುಲಭವಾಗಿ ಸತ್ತಿಲ್ಲ," ಅಂದರು ಅಕ್ಕ.

ನಮಗೆ ತಮ್ಮ ಸಂತಾಪ ಬೇಡ. ಪರಿಹಾರ ಕೇಳಲು ಬರೆದ ಪತ್ರವೂ ಇದಲ್ಲ. 'ನಡುಸಮುದ್ರ' ಎಂಬುದನ್ನು ಹೊಡೆದುಹಾಕಿ, ಈ ಬಂದರಿನ ಲಂಗರು ಜಾಗದಲ್ಲಿ, ಮದ್ದುಗುಂಡಿನ ಸರಕಿದ್ದ ಕಾರಣಕ್ಕೆ ದಡ ನಿರಾಕರಿಸಲ್ಪಟ್ಟು ಸತ್ತ ಎಂದು ಬರೆಯಿರಿ. ಕೆಳಗೆ ತಮ್ಮ ರುಜು ಹಾಕಿರಿ. ಹೊಸ ಕಾಗದದ ಖರ್ಚೂ ಬೀಳದು. ಅಕ್ಕ ಆ ಪ್ರಮಾಣಪತ್ರವನ್ನು ಮನೆಗೆ ಒಯ್ಯಲಿಲ್ಲ. ಮೂರನೆಯ ಕಿಟಕಿಯಲ್ಲೇ ಬಿಟ್ಟುಬಂದಿದ್ದಾರೆ.

ಇಂತಿ,
ಕೇಳಬೇಕಾದ್ದನ್ನು ತಡವಾಗಿ ಕೇಳುತ್ತಿರುವ
ಹಡಗಿನ ಒಬ್ಬ ಅಡುಗೆಯವನು