ಮುನ್ಸೂಚನೆಯಿಲ್ಲದ ತಪಾಸಣೆ ಮತ್ತು ನಮ್ಮೂರಿನ ಒಂದೇ ಲಾಡ್ಜು

ರಾಜ್ಯದ ಆರೈಕೆ ಕೇಂದ್ರಗಳ ತಪಾಸಣಾ ವಿಭಾಗದ ನಿರ್ದೇಶಕರೇ,

ಕಳೆದ ಫೆಬ್ರವರಿಯ ಎರಡನೆಯ ಭಾನುವಾರ, ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ, ನಮ್ಮೂರ ಗುಡ್ಡದ ಮೇಲಿನ ವೃದ್ಧರ ಆರೈಕೆ ಕೇಂದ್ರದಲ್ಲಿ ನನ್ನ ಅಕ್ಕ ಅರ್ಲೀನ್ ಶೌಚಕ್ಕೆ ಹೋಗಬೇಕೆಂದು ಕರೆಗಂಟೆ ಒತ್ತಿದಳು. ಮುಕ್ಕಾಲು ಗಂಟೆ ಯಾರೂ ಬರಲಿಲ್ಲ. ತಾನೇ ಎದ್ದಳು, ಬಿದ್ದಳು, ಸೊಂಟದ ಮೂಳೆ ಮುರಿಯಿತು, ಹದಿನೆಂಟನೆಯ ದಿನ ತೀರಿಕೊಂಡಳು. ನನ್ನ ದೂರಿಗೆ ಏಳು ವಾರಗಳ ಬಳಿಕ ತಮ್ಮ ಕಚೇರಿ ಒಂದೂವರೆ ಸಾಲಿನ ಉತ್ತರ ದಯಪಾಲಿಸಿತು: ಅಂದು ಹಗಲು ಎಂಟು ಸಹಾಯಕಿಯರು ಕರ್ತವ್ಯದಲ್ಲಿದ್ದರು, ಆರೋಪ ದೃಢಪಟ್ಟಿಲ್ಲ.

ಆ ಎಂಟು ಜನರನ್ನು ಹುಡುಕಿಕೊಡಿ ಎಂದು ಕೇಳಲು ಈ ಪತ್ರ.

ಅಂದು ನಾನು ಚರ್ಚು ಮುಗಿಸಿ, ಎಲೆಕೋಸು ಹಾಕಿದ ನೂಡಲ್ಸ್ ಡಬ್ಬಿ ಹಿಡಿದು ಒಂದೂವರೆಗೆ ಅಲ್ಲಿಗೆ ಹೋದೆ. ಬಾಗಿಲ ಮೇಲೆ ಕರೆಗಂಟೆಯ ದೀಪ ಇನ್ನೂ ಉರಿಯುತ್ತಿತ್ತು. ಅಕ್ಕ ನೆಲದ ಮೇಲಿದ್ದಳು. ನನ್ನನ್ನು ನೋಡಿ ಮೊದಲು ಹೇಳಿದ್ದು, "ಗಡಿಯಾರ ನೋಡ್ತಾನೇ ಇದ್ದೆ ಕಣೆ. ಇನ್ನೈದು ನಿಮಿಷ ನೋಡೋಣ, ಇನ್ನೈದು ನಿಮಿಷ ನೋಡೋಣ ಅಂತ." ನಾನು ಕಾರಿಡಾರಿಗೆ ಓಡಿ ಕೂಗಿದಾಗ ಬಂದವಳು ಸಹಾಯಕಿ ಡಾರ್ಲಾ, ಒಂದು ಕಾಲದಲ್ಲಿ ನಾನು ಪಾಠ ಹೇಳುತ್ತಿದ್ದ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವಳು. ಅವಳ ಏಪ್ರನ್ನಿಗೆ ಯಾರದೋ ವಾಂತಿ ಮೆತ್ತಿತ್ತು.

"ಬೈಬೇಡಿ ಮಿಸ್," ಎಂದಳು. "ಈ ಕಡೆ ಮೂವತ್ತೊಂದು ಜನಕ್ಕೆ ನಾನೊಬ್ಬಳೇ. ಆ ಕಡೆ ಇನ್ನೊಬ್ಬಳು. ದೀಪ ಕಾಣಿಸ್ತಿತ್ತು. ನೋಡ್ಲಿಲ್ಲ ಅಂತ ಸುಳ್ಳು ಹೇಳಲ್ಲ."

ಇಬ್ಬರು. ತಮ್ಮ ಉತ್ತರದಲ್ಲಿ ಎಂಟು. ಡಾರ್ಲಾ ಸುಳ್ಳುಗಾರ್ತಿಯೇ ಇರಬಹುದೆಂದು ನಾನು ಒಕ್ಕೂಟ ಸರ್ಕಾರದ ಜಾಲತಾಣ ತೆರೆದು ನೋಡಿದೆ. ಅದೇ ಕೇಂದ್ರದವರು ತಾವೇ ಸಲ್ಲಿಸಿದ ಹಾಜರಿ ವಿವರ ಅಲ್ಲಿದೆ. ಆ ಭಾನುವಾರ ಬೆಳಗಿನಿಂದ ಬೆಳಗಿನವರೆಗೆ ಸಹಾಯಕಿಯರು ದುಡಿದದ್ದು ಒಟ್ಟು ನಲವತ್ತೆಂಟು ಗಂಟೆ. ಎಂಟು ಗಂಟೆಯ ಮೂರು ಪಾಳಿ, ಪಾಳಿಗೆ ಇಬ್ಬರೇ. ಇದನ್ನು ಎಪ್ಪತ್ತಾರರ ಮುದುಕಿಯೊಬ್ಬಳು ಗ್ರಂಥಾಲಯದ ಕಂಪ್ಯೂಟರಿನಲ್ಲಿ ಇಪ್ಪತ್ತು ನಿಮಿಷದಲ್ಲಿ ಕಂಡುಕೊಂಡಳು. ತಮ್ಮ ಇಲಾಖೆ ಏಳು ವಾರ ಯಾವ ದುರ್ಬೀನಿನಲ್ಲಿ ಏನನ್ನು ನೋಡುತ್ತಿತ್ತು? ಕೇಂದ್ರದವರು ಕೊಟ್ಟ ಪಾಳಿ ಪಟ್ಟಿಯನ್ನು. ಡಾರ್ಲಾ ಹೇಳುವಂತೆ, ಆ ಪಟ್ಟಿಯಲ್ಲಿದ್ದ ಒಬ್ಬಾಕೆ ಡಿಸೆಂಬರಿನಲ್ಲೇ ಕೆಲಸ ಬಿಟ್ಟು ಕಿರಾಣಿ ಅಂಗಡಿ ಸೇರಿದ್ದಾಳೆ. ಆ ಭಾನುವಾರದ ಮರುದಿನ ನನಗೆ ಹಾಲು ಕೊಟ್ಟವಳು ಅವಳೇ.

ತಮ್ಮ ತಪಾಸಣೆಗಳು ಮುನ್ಸೂಚನೆಯಿಲ್ಲದೆ ನಡೆಯುತ್ತವೆ ಎಂದು ತಮ್ಮ ಕಿರುಹೊತ್ತಗೆ ದಪ್ಪಕ್ಷರದಲ್ಲಿ ಹೇಳುತ್ತದೆ. ಮಾನ್ಯರೇ, ನಮ್ಮೂರಲ್ಲಿರುವುದು ಒಂದೇ ಲಾಡ್ಜು. ಸರ್ಕಾರಿ ನಂಬರ್ ಪ್ಲೇಟಿನ ಬಿಳಿ ಕಾರು ಭಾನುವಾರ ಸಂಜೆ ಅದರ ಮುಂದೆ ನಿಂತರೆ, ಪೆಟ್ಟಿಗೆ ಇಳಿಸುವ ಮೊದಲೇ ಅಲ್ಲಿನ ರೋಂಡಾ ಗುಡ್ಡದ ಮೇಲಿನ ಅಡುಗೆಮನೆಗೆ ಫೋನ್ ಮಾಡುತ್ತಾಳೆ. "ಅತ್ತಿಗೆ, ಬಂದ್ರು. ಮೂರು ಜನ. ಆರು ಗಂಟೆಗೇ ಕಾಫಿ ಬೇಕಂತೆ." ಅವಳನ್ನು ದೂರಲಾರೆ. "ಬಾಗಿಲು ಮುಚ್ಚಿಸಿಬಿಟ್ರೆ ನಮ್ಮೋರ ಕೆಲಸ ಹೋಗಲ್ವಾ ಮಿಸ್?" ಎಂದು ನನ್ನನ್ನೇ ಕೇಳಿದ್ದಾಳೆ. ಸೋಮವಾರ ಬೆಳಗಾಗುವುದರೊಳಗೆ ನಲವತ್ತು ಮೈಲಿಯಾಚೆಯ ಇನ್ನೊಂದು ಕೇಂದ್ರದಿಂದ ವ್ಯಾನು ಬರುತ್ತದೆ. ಇಸ್ತ್ರಿ ಮಾಡಿದ ಸಮವಸ್ತ್ರದ ಹತ್ತು ಹೆಂಗಸರು ಇಳಿಯುತ್ತಾರೆ. ಊಟದ ಮೇಜಿಗೆ ಬಟ್ಟೆ ಬರುತ್ತದೆ. ತಮ್ಮವರು ಮೂರು ದಿನ ಎಣಿಸುವುದು ಇವರನ್ನು.

ಕಳೆದ ನವೆಂಬರಿನಲ್ಲಿ, ಅಕ್ಕ ಬೀಳುವ ಮೂರು ತಿಂಗಳ ಮುಂಚೆ, ಚರ್ಚಿನ ಬಿಂಗೊ ಆಟದ ನಡುವೆ ಸುದ್ದಿ ನನಗೂ ತಲುಪಿತು. ನಾನು ಅಕ್ಕನ ಬಳಿ ಹೋಗಿ, "ನಾಳೆ ಬರ್ತಾರೆ, ಬಾಯಿ ಬಿಟ್ಟು ಹೇಳು," ಎಂದೆ.

"ಏನಂತ ಹೇಳ್ಲಿ?" ಎಂದಳು. "ಅವರಿರೋ ಮೂರು ದಿನ ಇದು ಸ್ವರ್ಗ. ಸ್ವರ್ಗದ ಮೇಲೆ ದೂರು ಕೊಡೋದು ಹೇಗೆ? ಅವರನ್ನೇ ಇಲ್ಲಿ ಸೇರಿಸ್ಕೊಂಡ್ಬಿಡಿ ಅನ್ನು. ನನ್ನ ಪಕ್ಕದ ಮಂಚ ಖಾಲಿ ಇದೆ."

ಮಂಗಳವಾರ ಅವಳ ಕೂದಲು ತೊಳೆದಿದ್ದರು, ಎರಡು ವಾರಗಳಲ್ಲಿ ಮೊದಲ ಸಲ. ತಮ್ಮ ಅಧಿಕಾರಿಯೊಬ್ಬರು ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ, ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ವ್ಯಾನಿನ ಸಂಗತಿ ನನ್ನ ನಾಲಿಗೆಯ ತುದಿಯಲ್ಲಿತ್ತು. ಅವರು ಹೋದ ಮೇಲೆ ಅಕ್ಕನ ಗತಿ ಏನು ಎಂದು ಹೆದರಿ, "ಈ ವಾರ ಚೆನ್ನಾಗಿದೆ," ಎಂದೆ. "ಈ ವಾರ" ಎಂಬುದನ್ನು ಒತ್ತಿ ಹೇಳಿದೆ. ಅವರು "ಚೆನ್ನಾಗಿದೆ" ಎಂಬುದನ್ನಷ್ಟೇ ಬರೆದುಕೊಂಡರು. ಈ ಪತ್ರದಲ್ಲಿ ತಪ್ಪಿತಸ್ಥರ ಹೆಸರು ಹೇಳುವಾಗ ನನ್ನದನ್ನು ಬಿಡಲಾರೆ.

ಈಗ ಒಡೆಯರ ಮಾತು. ಗುಡ್ಡದ ಮೇಲಿನ ಆ ಮನೆಯನ್ನು ಕೌಂಟಿ ಆಡಳಿತವೇ ನಡೆಸುತ್ತಿದ್ದ ಕಾಲ ನನಗೆ ನೆನಪಿದೆ. ಮೇಲ್ವಿಚಾರಕರು ಅದೇ ಆವರಣದಲ್ಲಿ ವಾಸವಿದ್ದರು. ಸಾರು ಸಪ್ಪೆಯಾದರೆ ಯಾರ ಬಾಗಿಲು ತಟ್ಟಬೇಕೆಂದು ಪ್ರತಿ ಮುದುಕನಿಗೂ ಗೊತ್ತಿತ್ತು. ಆಮೇಲೆ ಮಾರಿದರು, ಮತ್ತೆ ಮಾರಿದರು, ಮೂರು ಸಲ ಹೆಸರಿನ ಹಲಗೆ ಬದಲಾಯಿತು. ಈಗ ಕಟ್ಟಡ ಒಂದು ಕಂಪನಿಯದು, ನಡೆಸುವುದು ಇನ್ನೊಂದು, ನಿರ್ವಹಣೆ ಮತ್ತೊಂದು. ಮೂರಕ್ಕೂ ಪರರಾಜ್ಯದ ಒಂದೇ ಅಂಚೆಪೆಟ್ಟಿಗೆ. ಮೂರಕ್ಕೂ ಪತ್ರ ಬರೆದೆ. ಮೂರು ಉತ್ತರ ಬಂದವು. ಹೊಣೆ ತಮ್ಮದಲ್ಲ, ದಯವಿಟ್ಟು ಇನ್ನೊಂದು ಸಂಸ್ಥೆಯನ್ನು ಸಂಪರ್ಕಿಸಿ ಎಂದು ಮೂರರಲ್ಲೂ ಇತ್ತು. ಮೂರಕ್ಕೂ ಸಹಿ ಹಾಕಿದ ಕೈ ಒಂದೇ. ಇಂಥವರಿಗೆ ಪ್ರತಿವರ್ಷ ಪರವಾನಗಿ ನವೀಕರಿಸುವಾಗ ತಾವು ಯಾರ ಮುಖ ನೋಡುತ್ತೀರಿ?

ಆದ್ದರಿಂದ ಒಂದು ಆಹ್ವಾನ. ಮುಂದಿನ ಸಲ ತಾವೇ ಬನ್ನಿ, ಶನಿವಾರ ಬನ್ನಿ. ಲಾಡ್ಜಿಗೆ ಹೋಗಬೇಡಿ. ನನ್ನ ಮನೆಯಲ್ಲಿ ಅರ್ಲೀನ್‌ಳ ಕೋಣೆ ಖಾಲಿಯಿದೆ, ಹಾಸಿಗೆಗೆ ಒಗೆದ ಹೊದಿಕೆ ಹಾಕಿದ್ದೇನೆ, ಕಾರನ್ನು ಗ್ಯಾರೇಜಿನೊಳಗೆ ನಿಲ್ಲಿಸಬಹುದು. ಭಾನುವಾರ ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ ಇಬ್ಬರೂ ಗುಡ್ಡ ಹತ್ತೋಣ. ತಾವು ಗಂಟೆ ಒತ್ತಿ. ನಾನು ಗಡಿಯಾರ ನೋಡುತ್ತೇನೆ.

ಬರಲಾಗದಿದ್ದರೆ, ಈ ಪತ್ರ ಅಚ್ಚಾದ ಇದೇ ವಾರಪತ್ರಿಕೆಯಲ್ಲಿ, ಊರೆಲ್ಲ ಓದುವಂತೆ, ಆ ಎಂಟು ಜನರ ಹೆಸರು ಮತ್ತು ಆ ಮನೆಯ ಒಡೆಯನಾದ ಒಬ್ಬ ಮನುಷ್ಯನ ಹೆಸರು ಪ್ರಕಟಿಸಿ. ಕಂಪನಿಯ ಹೆಸರು ಬೇಡ. ಮನುಷ್ಯನ ಹೆಸರು.

ಇಂತಿ,
"ಸರ್ಕಾರಕ್ಕೆ ಪತ್ರ ಬರೆಯಿರಿ ಮಕ್ಕಳೇ, ಉತ್ತರ ಬಂದೇ ಬರುತ್ತದೆ" ಎಂದು ಮೂವತ್ತೊಂದು ವರ್ಷ ಪೌರನೀತಿ ಪಾಠ ಹೇಳಿದ,
ಥಿಯಾ ಕೊವಾಚ್