ತಳದ ಸ್ವರ

ಶುಕ್ರವಾರ, ಸಂಜೆ

ನಮ್ಮ ಮನೆಯವರಿಗೆ,

ಇನ್ನೂ ಹಾಗೆ ಕರೆಯಬಹುದಲ್ಲವೇ? ನಿಮ್ಮ ಕಾಗದ ಬಂತು. ಆ ಮರದ ಕೊಳವೆ ಬಿಟ್ಟು ಬಾ, ಎಲ್ಲ ಮರೆತು ಬದುಕೋಣ ಎಂದು ಬರೆದಿದ್ದೀರಿ.

ನೀವು ಕೊಳವೆ ಎನ್ನುವುದು ನಮ್ಮ ಆರ್ಕೆಸ್ಟ್ರಾದ ಹಳೆಯ ದೊಡ್ಡ ಬಸೂನ್ ವಾದ್ಯ. ನಿಲ್ಲಿಸಿದರೆ ನನ್ನ ತಲೆ ಮೀರುತ್ತದೆ. ತೂತಿನಿಂದ ತೂತಿಗೆ ಬೆರಳು ಚಾಚಿ ಚಾಚಿ ಮಣಿಕಟ್ಟು ಊದಿಕೊಳ್ಳುತ್ತದೆ. ಉಳಿದವರು ನುಡಿಸುವಾಗ ನನ್ನ ಸರದಿಗೆ ಕಾಯಬೇಕು. ಅಷ್ಟರಲ್ಲಿ ಮರ ತಣ್ಣಗಾಗಿ ಶ್ರುತಿ ಇಳಿಯುತ್ತದೆ. ಅದಕ್ಕೇ ಸದ್ದಾಗದಂತೆ ಒಳಗೆ ಬೆಚ್ಚನೆಯ ಉಸಿರು ಬಿಡುತ್ತಿರುತ್ತೇನೆ. ಉಸಿರಿನ ನೀರು ಒಳಗೆ ಕೂತು ಗೊರಗೊರ ಎಂದರೆ ಹಿಂದಿನ ಡೋಲಿನವರು, "ಏನ್ ತಾಯಿ, ನಿಮ್ಮಾನೆಗೆ ಮತ್ತೆ ನೆಗಡೀನಾ?" ಎನ್ನುತ್ತಾರೆ. ಮೊದಲು ನಗು ಬರುತ್ತಿತ್ತು.

ಹೊಟ್ಟೆಯಲ್ಲಿದ್ದ ಮಗು ಹೋದ ಮೇಲೆ ಅದರ ಎಲ್ಲಕ್ಕಿಂತ ಕೆಳಗಿನ, ತಳದ ಸ್ವರ ನನ್ನಿಂದ ಆಗುತ್ತಿರಲಿಲ್ಲ. ಬೆರಳು ಸರಿಯಾಗಿ ಕೂರುತ್ತಿದ್ದವು, ಉಸಿರೂ ಹೋಗುತ್ತಿತ್ತು. ಆದರೆ ಅದು ಮರ ಬೆಚ್ಚಗೆ ಮಾಡುವ ಸದ್ದಿಲ್ಲದ ಉಸಿರು ಅಷ್ಟೇ. ತುಟಿ ಬಿಗಿಯುತ್ತಲೇ ಇರಲಿಲ್ಲ. ಸೋಮವಾರ ಆರ್ಕೆಸ್ಟ್ರಾ ಮೇಷ್ಟ್ರು ತಾಳ ತೋರಿಸುವ ಕೋಲು ಕೆಳಗಿಟ್ಟು, "ಗಾಳಿ ಬಂತಮ್ಮ, ನಾದ ಎಲ್ಲಿ? ಶುಕ್ರವಾರಾನೂ ಹೀಗೇ ಆದ್ರೆ ಅದನ್ನ ಉಗ್ರಾಣಕ್ಕೆ ಹಾಕಿಸ್ತೀನಿ" ಎಂದರು.

ಹೊಟ್ಟೆಗೆ ಒರಗಿಸಿಕೊಂಡು ಊದಿದ್ದಕ್ಕೇ ಹೀಗಾಯಿತು ಎಂದು ಅತ್ತೆ ಅಂದರು. ನೀವು ತಲೆ ತಗ್ಗಿಸಿ ಕೂತಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹಾಗಲ್ಲ ಎಂದು ಡಾಕ್ಟರಮ್ಮ ನಿಮ್ಮೆದುರೇ ಹೇಳಿದ್ದರು. ಆದರೂ ಒಂದೊಂದು ಸಲ ನಾನೂ ನಂಬಿಬಿಡುತ್ತೇನೆ.

ಇವತ್ತು ಆ ಸ್ವರ ಬಂತು. ಒರಟಾಗಿ, ನಡುಗುತ್ತಾ ಬಂತು. ಕುರ್ಚಿಯ ಕಾಲು ಅದುರಿದವು. ಮೇಷ್ಟ್ರು ನಿಲ್ಲಿಸಲಿಲ್ಲ. ಕಣ್ಣೀರು ತುಟಿಯಲ್ಲಿದ್ದ ಪೀಪಿಗೆ ಇಳಿದರೂ ಉಸಿರು ತೀರುವವರೆಗೆ ನಾನು ಬಿಡಲಿಲ್ಲ.

ಅದಕ್ಕೇ ನಾನು ಬರುವುದಿಲ್ಲ. ಅತ್ತೆ ಕೇಳಿದರೆ, ಅವಳಿಗೆ ಹಟ ಜಾಸ್ತಿ ಎಂದುಬಿಡಿ. ನಿಮ್ಮ ಸ್ವೆಟರ್ ಒಗೆದಿಟ್ಟಿದ್ದೇನೆ, ಆ ಕಡೆ ಬರುವವರು ಸಿಕ್ಕರೆ ಕೊಟ್ಟು ಕಳಿಸುತ್ತೇನೆ. ಚಳಿ ಶುರುವಾಗಿದೆ, ಕಿವಿ ಮುಚ್ಚಿಕೊಂಡು ಓಡಾಡಿ.

ಇಂತಿ,
ನಿಮ್ಮವಳಾಗಿದ್ದವಳು

ಮತ್ತೆ: ಎಷ್ಟು ಸಲ ಕೈಯಿಟ್ಟರೂ ಮಗು ಅಲುಗಲಿಲ್ಲ ಎಂದು ನೀವು ಕೊರಗುತ್ತಿದ್ದಿರಿ. ಅಲುಗುತ್ತಿತ್ತು ರೀ. ಆ ಒಂದು ಸ್ವರಕ್ಕೆ ಮಾತ್ರ ಒದೆಯುತ್ತಿದ್ದಳು. ಹೌದು, ಹೆಣ್ಣು. ನೀವು ಕೇಳಲೇ ಇಲ್ಲ.