ಎರಡು ಸಲ ಒತ್ತಿದ್ದು

ಮಾರ್ಚ್ ೧೧, ಮಂಗಳವಾರ

ಅಣ್ಣನ ಗಂಟಲಲ್ಲಿ ಈಗ ನುಣ್ಣಗಿರುವುದು ಮಾತ್ರ ಇಳಿಯುತ್ತದೆ. ಬೆಂದ ಆಲೂಗಡ್ಡೆಯನ್ನು ಬಿಸಿಯಿರುವಾಗಲೇ ಒತ್ತುವ ಒರಳಿಗೆ ಹಾಕಬೇಕು, ಆರಿದರೆ ಅಂಟಾಗುತ್ತದೆ. ಇವತ್ತು ಎರಡು ಸಲ ಒತ್ತಿದೆ. ತೂತುಗಳಿಂದ ಎಳೆಎಳೆಯಾಗಿ ಬಿದ್ದು ಹತ್ತಿಯ ಹಾಗೆ ಅರಳಿತು. ಬಿಸಿ ಹಾಲು, ಬೆಣ್ಣೆ ಸೇರಿಸಿದೆ.

"ಹಲ್ಲಿರೋನಿಗೆ ಬೊಚ್ಚುಬಾಯಿ ಊಟ ಹಾಕ್ತೀಯಲ್ಲೋ."

"ಸುಮ್ನೆ ತಿನ್ನಣ್ಣ."

ನೀರು ತರುವಷ್ಟರಲ್ಲಿ ಬಟ್ಟಲು ಖಾಲಿ. "ಸಲೀಸಾಗಿ ಇಳೀತು ಕಣೋ" ಎಂದ.

ಇದೂ ಇಳಿಯದ ದಿನ ತಡಮಾಡದೆ ಕರೆತನ್ನಿ ಎಂದಿದ್ದರು ಡಾಕ್ಟರು. ಆ ದಿನ ದೂರವಿದೆ ಅಂದುಕೊಂಡೆ.

ಸಂಜೆ ಒಗೆಯಲೆಂದು ಅವನ ಟವೆಲ್ ಬಿಡಿಸಿದೆ. ಬಟ್ಟಲಲ್ಲಿದ್ದ ಆಲೂಗಡ್ಡೆ ಅಷ್ಟೂ ಅದರೊಳಗಿತ್ತು. ಬೆರಳಾಡಿಸಿ ನೋಡಿದೆ, ಒಂದೂ ಗಂಟಿರಲಿಲ್ಲ.

"ನಾಳೇನೂ ಅದನ್ನೇ ಮಾಡೋ" ಎಂದು ಒಳಗಿನಿಂದ ಕೂಗಿದ. ಹೂಂ ಅಂದುಬಿಟ್ಟೆ.

ಡಾಕ್ಟರ ನಂಬರು ಎದುರಿಗೇ ಇದೆ. ಕೈ ಮಾತ್ರ ಇನ್ನೂ ಇದನ್ನೇ ಬರೆಯುತ್ತಿದೆ.